ಕರ್ಪೂರ ಬಿದ್ದ ಹಗ್ಗ

ಹೌದು, ಜಿಂಕೆ ಬೇಟೆಗೆಂದು ಹಗ್ಗ ಹಿಡಿದು ಮರ ಹತ್ತಿದ ಹೆಂಗಸು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಅಮೆರಿಕದ ಈ ಕ್ಯಾರಿ ಊರಿನ ನಮ್ಮವರ ಮನೆಗಳಲ್ಲಿ, ತಲೆಗೊಂದು ಅಡುಗೆ ಮಾಡಿ ತರುವ ಪಾಟ್‌ಲಕ್ ಊಟಗಳಿಗೆ ಈ ಸುದ್ದಿ ನನಗಿಂತ ಮೊದಲೇ ಬಂದು ಸೋಫಾದ ಮೇಲೆ ಕೂತಿರುತ್ತದೆ. ನಾನು ಪುಳಿಯೋಗರೆಯ ಟ್ರೇ ಹಿಡಿದು ಒಳಗೆ ಕಾಲಿಟ್ಟರೆ ಯಾರಾದರೊಬ್ಬರು, "ಇದ್ರಲ್ಲಿ ಏನೂ ಹಾಕಿಲ್ಲ ತಾನೇ?" ಎಂದು ನಗುತ್ತಾರೆ. "ಹಾಕಿದ್ರೆ ನಿಮಗ್ಯಾಕೆ ತರ್ತಿದ್ದೆ, ನಾನೇ ತಿಂತಿದ್ದೆ" ಎಂದು ನಾನೂ ನಗುತ್ತೇನೆ. ಅವರ ನಗು ಅಲ್ಲಿಗೆ ನಿಲ್ಲುತ್ತದೆ. ನನ್ನದು ನಿಲ್ಲುವುದಿಲ್ಲ.

ನಾನು ಮಂಡ್ಯದ ಕಡೆಯ ಮಾಂಸದೂಟದ ಮನೆಯವಳು. ನಮ್ಮಲ್ಲಿ ಭಾನುವಾರವೆಂದರೆ ಮುದ್ದೆ, ಬಾಡಿನ ಸಾರು. ಮದುವೆಯಾದದ್ದು ಮಾತ್ರ ಈರುಳ್ಳಿಗೂ ಮುಖ ಸಿಂಡರಿಸುವ ಮೈಸೂರಿನ ಮನೆಗೆ. ಯಾರೂ ಬಲವಂತ ಮಾಡಲಿಲ್ಲ, ಪ್ರೀತಿಸಿ ಆದದ್ದು. ಅಮೆರಿಕಕ್ಕೆ ಬಂದ ಮೇಲೆ ನನಗೆ ಬೇಕಾದ್ದನ್ನು ನನ್ನ ಅಡುಗೆಮನೆಯಲ್ಲೇ ಬೇಯಿಸಿಕೊಂಡು ತಿನ್ನುತ್ತಿದ್ದೆ. ಕೋವಿಡ್ ಸ್ವಲ್ಪ ಇಳಿದ ಮೇಲೆ ಅತ್ತೆ ನಮ್ಮ ಜೊತೆಗಿರಲು ಬಂದರು. ಬಾಯಿಬಿಟ್ಟು ಅವರು ಒಂದು ಮಾತೂ ಆಡಲಿಲ್ಲ. ಒಂದು ಭಾನುವಾರ ಮೂಗಿಗೆ ಸೆರಗು ಹಿಡಿದು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು, ಅಷ್ಟೇ. ಮುಂದಿನ ವಾರದ ಹೊತ್ತಿಗೆ ನನ್ನ ಒಲೆ ಗ್ಯಾರೇಜಿಗೆ ಹೋಗಿತ್ತು. ನಮ್ಮವರ ಎಷ್ಟೋ ಮನೆಗಳಲ್ಲಿ ಒಗ್ಗರಣೆಯ ಘಾಟು ಒಳಗೆ ಬರದಿರಲೆಂದು ಗ್ಯಾರೇಜಿನಲ್ಲಿ ಎರಡನೆಯ ಒಲೆ ಇರುತ್ತದೆ. ನಮ್ಮ ಮನೆಯಲ್ಲಿ ಒಲೆಯ ಜೊತೆ ನಾನೂ ಹೊರಗೆ ಬಿದ್ದೆ ಎಂದು ಆಗ ನನಗೆ ಅನ್ನಿಸಿತ್ತು.

ಬೇಟೆಯ ಹುಚ್ಚು ಅದಕ್ಕೂ ಮೊದಲೇ, ೨೦೨೦ರಲ್ಲಿ ಹಿಡಿದದ್ದು. ಅಂಗಡಿಗಳ ಮಾಂಸದ ಕಪಾಟುಗಳು ಖಾಲಿ ಹೊಡೆಯುತ್ತಿದ್ದ ದಿನಗಳು ಅವು. ಆಫೀಸಿನ ಸಹೋದ್ಯೋಗಿಯೊಬ್ಬರು ತಾವು ಹೊಡೆದ ಜಿಂಕೆಯ ಮಾಂಸದ ಪೊಟ್ಟಣವನ್ನು ನಮ್ಮ ಬಾಗಿಲಲ್ಲಿಟ್ಟು, ದೂರದಿಂದಲೇ ಕೈಬೀಸಿ ಹೋದರು. ನಮ್ಮಮ್ಮ ಅರೆಯುತ್ತಿದ್ದ ಹಾಗೆ ಮಸಾಲೆ ಅರೆದು ಸಾರು ಮಾಡಿದೆ. ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟರೆ ನಮ್ಮೂರಿನ ಭಾನುವಾರದ ರುಚಿ. ಅಂಗಡಿಯಿಂದ ತಂದ ಮಾಂಸ ಆ ರುಚಿಯನ್ನು ನನಗೆ ಒಮ್ಮೆಯೂ ಕೊಟ್ಟಿರಲಿಲ್ಲ. ತಿನ್ನುವುದಾದರೆ ನಾನೇ ಕೊಂದು ತಿನ್ನಬೇಕು, ಪ್ಲಾಸ್ಟಿಕ್ ಹೊದಿಸಿದ ತಟ್ಟೆಯಲ್ಲಿ ಯಾರೋ ಕೊಂದು ಇಟ್ಟದ್ದನ್ನಲ್ಲ ಎಂದು ಅಂದೇ ತೀರ್ಮಾನ ಮಾಡಿದೆ. ಬೇಟೆಯ ತರಗತಿಗೆ ಹೋದೆ, ಲೈಸೆನ್ಸ್ ತೆಗೆದುಕೊಂಡೆ. ಹಿಡಿಕೆ ತಿರುಗಿಸಿದರೆ ಹೆದೆ ಏರುವ ಕ್ರಾಸ್‌ಬೋ ಬಿಲ್ಲೊಂದನ್ನು ಕೊಂಡೆ. ಊರಿನಿಂದ ಸ್ವಲ್ಪ ಪಶ್ಚಿಮಕ್ಕೆ ಹೋದರೆ ಸೋಯಾ ಬೆಳೆಯುವ ವಯಸ್ಸಾದ ಹೆಂಗಸೊಬ್ಬರ ಹೊಲವಿದೆ. ಅವರ ಬೆಳೆಯನ್ನು ಜಿಂಕೆಗಳು ಮೇಯುತ್ತಿದ್ದವು. "ಬಾ, ಎಷ್ಟು ಬೇಕಾದರೂ ಹೊಡಿ" ಎಂದರು.

ಮೊದಲ ವರ್ಷ ನೆಲದ ಮೇಲೆ, ಪೊದೆಯ ಹಿಂದೆ ಕೂತೆ. ಒಂದು ಹೆಣ್ಣು ಜಿಂಕೆ ಹೊಲದ ಅಂಚಿಗೆ ಬಂತು. ಮೂಗೆತ್ತಿತು, ಮುಂಗಾಲನ್ನು ನೆಲಕ್ಕೆ ಕುಟ್ಟಿತು, ಸೀನಿದ ಹಾಗೆ ಸದ್ದು ಮಾಡಿ ಓಡಿಹೋಯಿತು. ನನಗೇನೂ ಅರ್ಥವಾಗಲಿಲ್ಲ. ಆಮೇಲೆ ನನ್ನ ಜಾಕೆಟ್ಟನ್ನೇ ಮೂಸಿ ನೋಡಿಕೊಂಡೆ. ಇಂಗು! ಅಡುಗೆಮನೆಯ ಪಕ್ಕದ ಲಾಂಡ್ರಿ ಕೋಣೆಯಲ್ಲಿ ನೇತುಹಾಕಿದ್ದ ಜಾಕೆಟ್ಟಿಗೆ ಹಿಂದಿನ ದಿನದ ತಿಳಿಸಾರಿನ ಒಗ್ಗರಣೆ ಪೂರ್ತಿ ಇಳಿದಿತ್ತು. ಇಡೀ ನಾರ್ತ್ ಕ್ಯಾರೊಲೈನಾದಲ್ಲಿ ಇಂಗಿನಿಂದ ಬೇಟೆ ಕಳೆದುಕೊಂಡವಳು ನಾನೊಬ್ಬಳೇ ಇರಬೇಕು. ಅಂದಿನಿಂದ ಬೇಟೆಯ ಬಟ್ಟೆಗಳನ್ನು ಮುಚ್ಚಳದ ಡಬ್ಬದಲ್ಲಿ ಹಾಕಿ ಹಿತ್ತಲ ಕಡೆಯ ಮರದ ಜಗುಲಿ, ಅಂದರೆ ಡೆಕ್ಕಿನ ಮೇಲಿಟ್ಟೆ. ಮರ ಹತ್ತುವುದೆಂದೂ ನಿರ್ಧರಿಸಿದೆ. ಎತ್ತರದಲ್ಲಿದ್ದರೆ ನಮ್ಮ ವಾಸನೆ ಪ್ರಾಣಿಯ ತಲೆಯ ಮೇಲಿಂದ ಹಾದುಹೋಗುತ್ತದೆ. ಅದು ತಲೆಯೆತ್ತಿ ನೋಡುವುದೂ ಕಡಿಮೆ.

ಮರದ ಮೇಲೆ ಕೂರಲು ನನಗೆ ಹಿಡಿಸಿದ್ದು ಸ್ಯಾಡಲ್. ಕುದುರೆಯ ಜೀನಲ್ಲ ಇದು. ಸೊಂಟಕ್ಕೂ ತೊಡೆಗೂ ಸುತ್ತುವ ಬಲೆಬಟ್ಟೆಯ ಆಸನ. ಕಾಂಡಕ್ಕೆ ಕಟ್ಟಿದ ಹಗ್ಗಕ್ಕೆ ಅದನ್ನು ಸಿಕ್ಕಿಸಿ ಹಿಂದಕ್ಕೆ ಒರಗಿದರೆ ಕೂತ ಹಾಗೂ ಆಯಿತು, ತೂಗಿದ ಹಾಗೂ ಆಯಿತು. ತೊಲೆಗೆ ಹಳೆಯ ಸೀರೆ ಕಟ್ಟಿ ಮಗು ಮಲಗಿಸುವ ಜೋಲಿ ಕಂಡವರಿಗೆ ಇದರಲ್ಲಿ ಹೊಸದೇನಿಲ್ಲ. ನಾನಂತೂ ಅದನ್ನು ಜೋಲಿ ಎಂದೇ ಕರೆದೆ. ಕಷ್ಟ ಇರುವುದು ಕೂರುವುದರಲ್ಲಲ್ಲ, ಅಲ್ಲಿಯವರೆಗೆ ಹೋಗುವುದರಲ್ಲಿ. ಸಾಮಾನ್ಯವಾಗಿ ಅಲ್ಯೂಮಿನಿಯಂ ಮೆಟ್ಟಿಲ ತುಂಡುಗಳನ್ನು ಒಂದರ ಮೇಲೊಂದು ಕಾಂಡಕ್ಕೆ ಬಿಗಿಯುತ್ತಾ ಹತ್ತುತ್ತಾರೆ. ಅದಕ್ಕೆ ಎರಡೂ ಕೈ ತಲೆಗಿಂತ ಮೇಲೆ ಹೋಗಬೇಕು. ನನಗೋ ಅಷ್ಟರಲ್ಲಿ ಫ್ರೋಜನ್ ಶೋಲ್ಡರ್ ಶುರುವಾಗಿತ್ತು. ಬಲಭುಜ ಸೆಟೆದುಕೊಂಡು ತಲೆ ಬಾಚಿಕೊಳ್ಳುವುದೂ ಆಗುತ್ತಿರಲಿಲ್ಲ. ಆದರೂ ಆ ಬೇಸಿಗೆ ಅಭ್ಯಾಸಕ್ಕೆಂದು ಹೊಲದಂಚಿನ ಮರವೊಂದನ್ನು ಹತ್ತಿದೆ. ಮೇಲಿನ ಮೆಟ್ಟಿಲು ಬಿಗಿಯುವಾಗ ಕೈ ಸೋತಿತು, ಕಾಲು ಜಾರಿತು. ಸೊಂಟದ ಹಗ್ಗ ಹಿಡಿದುಕೊಂಡದ್ದರಿಂದ ನೆಲಕ್ಕೆ ಬೀಳಲಿಲ್ಲ, ಆದರೆ ಪಾದ ಮೆಟ್ಟಿಲಿಗೆ ಸಿಕ್ಕಿ ಉಳುಕಿತು. ಕುಂಟುತ್ತಾ ಕಾರಿನವರೆಗೆ ಬಂದು ಡ್ರೈವ್ ಮಾಡಿಕೊಂಡು ಮನೆ ಸೇರಿದೆ.

ನನ್ನ ಗಂಡ, ಇನ್ನು ಮುಂದೆ ಇವರು ಎಂದರೆ ಅವರೇ, ಬೈಯಲಿಲ್ಲ. ಬೈಯುವ ಜಾಯಮಾನದವರಲ್ಲ. ಪಾದಕ್ಕೆ ಐಸ್ ಇಟ್ಟರು, ಕೆಳಗೊಂದು ದಿಂಬು ಕೊಟ್ಟರು, ಕಾಫಿ ತಂದರು. ಆಮೇಲೆ "ಜೋಪಾನ ಕಣೇ" ಎಂದರು. ಈ ಜೋಪಾನ ಎನ್ನುವ ಮಾತಿಗೆ ನಮ್ಮ ಮನೆಯಲ್ಲಿ ಬಾಗಿಲು ಮುಚ್ಚುವ ಶಕ್ತಿಯಿದೆ. ಇವರು ಯಾವುದರ ಮುಂದೆ ಜೋಪಾನ ಎನ್ನುತ್ತಾರೋ ಅದು ಸ್ವಲ್ಪ ದಿನಕ್ಕೆ ಮನೆಯಿಂದ ಮಾಯವಾಗುತ್ತದೆ. ಅದೇ ಬೇಸಿಗೆಯಲ್ಲಿ ಅತ್ತೆಯ ಸೆರಗಿನ ಅಂಚಿಗೆ ದೀಪದ ಕಿಡಿ ತಗುಲಿ ಒಂದು ಸಣ್ಣ ತೂತಾಗಿತ್ತು. "ಜೋಪಾನ ಅಮ್ಮ" ಎಂದಿದ್ದರು. ಮಾರನೆಯ ದಿನವೇ ದೇವರ ಮುಂದಿನ ಹಿತ್ತಾಳೆ ದೀಪ, ಎಣ್ಣೆ, ಬತ್ತಿ ಎಲ್ಲವೂ ಡಬ್ಬ ಸೇರಿ, ಬ್ಯಾಟರಿ ಹಾಕಿದರೆ ಉರಿದ ಹಾಗೆ ಅಲುಗಾಡುವ ಪ್ಲಾಸ್ಟಿಕ್ ದೀಪಗಳು ಬಂದಿದ್ದವು. ಅತ್ತೆ ಆಗಲೂ ಮಾತಾಡಲಿಲ್ಲ. ದಿನವೂ ಸಂಜೆ ಆ ದೀಪದ ಸ್ವಿಚ್ಚು ಒತ್ತಿ, ಮುಖ ಆ ಕಡೆ ತಿರುಗಿಸಿ ಕೈಮುಗಿಯುತ್ತಿದ್ದರು. ನಾನು ಅದನ್ನು ನೋಡಿಯೂ ನೋಡದ ಹಾಗೆ ಇದ್ದೆ. ನನ್ನ ಒಲೆ ಹೊರಗೆ ಹೋದಾಗ ಅವರೂ ಹಾಗೇ ಇದ್ದರಲ್ಲ!

ನಾನು ಅತ್ತೆಯ ಹಾಗೆ ಸುಮ್ಮನಿರುವವಳಲ್ಲ. ಪಾದದ ಊತ ಇಳಿದ ಮೇಲೆ ಕೇಳಿಯೇಬಿಟ್ಟೆ.

"ರೀ, ನಾನು ಮರ ಹತ್ತೋದನ್ನ ಬಿಡಲ್ಲ. ಹೇಗೆ ಹತ್ತಿದ್ರೆ ನಿಮ್ಗೆ ಸಮಾಧಾನ, ಹೇಳಿ."

ಇವರು ಕಿಟಕಿಯಿಂದ ಹಿತ್ತಲ ಕಡೆ ನೋಡಿದರು. "ನಮ್ಮ ಹಿತ್ತಲ ಓಕ್ ಮರ ಇದ್ಯಲ್ಲ. ನನ್ ಕಣ್ಮುಂದೆ ಹತ್ತಿ ಇಳಿ. ಏನೂ ತಪ್ಪಾಗ್ದೆ. ನಾನು ಸಹಾಯ ಮಾಡಲ್ಲ. ಅದಾದ್ರೆ ನೀನು ಒಬ್ಳೇ ಕಾಡಿಗೆ ಹೋಗು, ನಾನು ಬಾಯಿ ತೆಗೆಯಲ್ಲ. ಆಗ್ಲಿಲ್ಲ ಅಂದ್ರೆ ಆ ಸ್ಯಾಡಲ್ ಮಾರಿಬಿಡೋಣ."

"ಯಾವತ್ತು?"

"ದಸರಾಗೆ. ವಿಜಯದಶಮಿ ಶನಿವಾರ ಬಂದಿದೆ, ನಂಗೂ ಮೀಟಿಂಗ್ ಇರಲ್ಲ."

ಒಪ್ಪಿದೆ. ಜೋಲಿ ಹೋದರೆ ಹೊಲ ಹೋಗುತ್ತದೆ, ಹೊಲ ಹೋದರೆ ನನಗೆ ಉಳಿಯುವುದು ಗ್ಯಾರೇಜಿನ ಒಲೆ ಮಾತ್ರ. ಅಷ್ಟಕ್ಕೇ ಸಾಯುವವರೆಗೆ ತೃಪ್ತಿಪಡು ಎಂದರೆ ನನ್ನಿಂದ ಆಗುವುದಿಲ್ಲ.

ಕೈಯಲ್ಲಿ ಆಗದಿದ್ದರೆ ಕಾಲಿದೆಯಲ್ಲ ಎಂದು ಹೊಳೆದದ್ದು ಆಗ. ತೆಳು ಹಗ್ಗದ ಬಳೆಯೊಂದನ್ನು ದಪ್ಪ ಹಗ್ಗಕ್ಕೆ ಸುತ್ತಿ ಸುತ್ತಿ ಅದರೊಳಗಿಂದಲೇ ಎಳೆದರೆ ಒಂದು ಗಂಟಾಗುತ್ತದೆ. ಭಾರ ಬಿದ್ದರೆ ಉಡದ ಹಾಗೆ ಕಚ್ಚಿ ಹಿಡಿಯುತ್ತದೆ, ಭಾರ ತೆಗೆದರೆ ಬೆರಳಲ್ಲಿ ಮೇಲಕ್ಕೆ ಜಾರುತ್ತದೆ. ಇಂಥವು ಎರಡು ಬೇಕು, ಮೇಲಿನದು ಜೋಲಿಗೆ, ಕೆಳಗಿನದು ಕಾಲಿಗೆ. ಜೋಲಿಯಲ್ಲಿ ಕೂತು ಕಾಲಿನ ಗಂಟನ್ನು ಮೇಲೆ ಸರಿಸುವುದು, ಅದರ ಮೇಲೆ ಕಾಲೂರಿ ಎದ್ದು ನಿಲ್ಲುವುದು, ನಿಂತು ಜೋಲಿಯ ಗಂಟನ್ನು ಮೇಲೆ ಸರಿಸುವುದು, ಮತ್ತೆ ಕೂರುವುದು. ಕೂರು, ಏಳು, ಕೂರು, ಏಳು. ಭುಜ ಎತ್ತುವ ಪ್ರಮೇಯವೇ ಇಲ್ಲ. ಶಾಲೆಯಲ್ಲಿ ಮಾತೆತ್ತಿದರೆ ಬಸ್ಕಿ ಹೊಡೆಸುತ್ತಿದ್ದ ಮೇಷ್ಟರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಹಗ್ಗ, ಕೊಂಡಿಗಳು, ಇಳಿಯುವಾಗ ಹಗ್ಗವನ್ನು ನಿಧಾನಕ್ಕೆ ಬಿಡುವ ಎಂಟರ ಆಕಾರದ ಲೋಹದ ಬಳೆ, ಇವು ಪ್ರಾಣ ಹಿಡಿದು ನಿಲ್ಲಿಸುವ ವಸ್ತುಗಳು. ಇವನ್ನು ಮಾತ್ರ ಒಳ್ಳೆಯದನ್ನೇ ನೋಡಿ ಕೊಂಡೆ. ಉಳಿದದ್ದೆಲ್ಲ ಮನೆಯದೇ. ಊರಿಗೆ ಹೋಗುವಾಗ ಸೂಟ್‌ಕೇಸಿಗೆ ಬಿಗಿಯುತ್ತಿದ್ದ ಪಟ್ಟಿ ಕಾಲಿಗೆ ಸಿಕ್ಕಿಸುವ ಕುಣಿಕೆಯಾಯಿತು. ಕವಲಿನ ಮೇಲೆ ದಾರ ಎಸೆಯಲು ಭಾರದ ಚೀಲ ಬೇಕಲ್ಲ, ಅದಕ್ಕೆ ಇವರ ಹಳೆಯ ಸಾಕ್ಸಿಗೆ ಹುಳ ಬಿದ್ದ ಕಡಲೆಬೇಳೆ ತುಂಬಿ ಬಾಯಿ ಹೊಲಿದೆ. ಬಲಗೈ ಮೇಲೇಳದ್ದರಿಂದ ಎರಡು ಕಾಲುಗಳ ನಡುವಿನಿಂದ ತೂಗಿ ತೂಗಿ ಎಸೆಯುವುದನ್ನು ಕಲಿತೆ. ಮೊದಲ ಸಲ ಸಾಕ್ಸು ಮನೆಯ ಸೂರಿನ ನೀರುಕಾಲುವೆಗೆ ಬಿತ್ತು. ಆಮೇಲೆ ಗುರಿ ಸಿಕ್ಕಿತು. ದಾರದಿಂದ ಹಗ್ಗವನ್ನು ಕವಲು ದಾಟಿಸಿ, ಒಂದು ತುದಿಯನ್ನು ಮರದ ಬುಡಕ್ಕೆ ಕಟ್ಟಿ, ಇನ್ನೊಂದರ ಮೇಲೆ ಹತ್ತುತ್ತಿದ್ದೆ. ಕವಲಿನ ಎತ್ತರದ ಎರಡರಷ್ಟು ಹಗ್ಗ ಬೇಕಾಗುತ್ತಿತ್ತು, ನನ್ನ ಬಳಿ ಸರಿಯಾಗಿ ಅಷ್ಟೇ ಇತ್ತು. ನನ್ನ ತೂಕ ಎಷ್ಟೆಂದು ಹೇಳುವುದಿಲ್ಲ, ಹಗ್ಗವಂತೂ ಗೊಣಗಲಿಲ್ಲ.

ದಿನಾ ಎಸೆಯುವ ಗೋಜು ಬೇಡವೆಂದು ಹಗ್ಗವನ್ನು ಮರದಲ್ಲೇ ಬಿಟ್ಟಿದ್ದೆ. ಒಂದು ಸಂಜೆ ಹಿಂದಿನ ಮನೆಯ ಆಂಟಿ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದರು. ಅವರು ನಿವೃತ್ತ ಟೀಚರ್, ಇದೇ ರಾಜ್ಯದಲ್ಲಿ ಹುಟ್ಟಿ ಬೆಳೆದ ಆಫ್ರಿಕನ್ ಅಮೆರಿಕನ್. "ನೀನು ಹತ್ತುವುದು ನೋಡಲು ನನಗೆ ಖುಷಿ" ಎಂದರು. "ಆದರೆ ನೀನು ಇಳಿದ ಮೇಲೆ ಆ ಹಗ್ಗ ಮರದಲ್ಲಿ ತೂಗುತ್ತಾ ಇರುವುದು ಬೇಡ. ನನ್ನ ಅಡುಗೆಮನೆಯ ಕಿಟಕಿಗೆ ಅದೇ ಕಾಣುತ್ತದೆ." ಅಮೆರಿಕದ ಈ ದಕ್ಷಿಣದ ನಾಡಿನಲ್ಲಿ ಬಿಳಿಯರ ಗುಂಪುಗಳು ಅವರ ಜನರನ್ನು ಮರಗಳಿಗೆ ನೇಣು ಹಾಕುತ್ತಿದ್ದವೆಂದು ನಾನು ಓದಿದ್ದೆ. ಓದಿದ್ದು ನನ್ನ ಹಿತ್ತಲಿಗೂ ಸಂಬಂಧಿಸಿದ್ದು ಎಂದು ಮಾತ್ರ ಹೊಳೆದಿರಲಿಲ್ಲ. ಯಾರ ಮಾತಿಗೂ ಎದುರಾಡುವ ನಾನು ಆ ಮಾತಿಗೆ ತಲೆತಗ್ಗಿಸಿದೆ. ಅಂದಿನಿಂದ ಹಗ್ಗವನ್ನು ಇಳಿಸಿ, ಸುರುಳಿ ಸುತ್ತಿ, ಲಾಂಡ್ರಿ ಕೋಣೆಯ ಬುಟ್ಟಿಯಲ್ಲಿ ಇಡತೊಡಗಿದೆ.

ಆಯುಧಪೂಜೆ ಬಂತು. ನಮ್ಮ ಬೀದಿಯಲ್ಲಿ ಹ್ಯಾಲೋವೀನ್‌ಗೆಂದು ಮೆಟ್ಟಿಲ ಮೇಲೆ ಇಟ್ಟ ಕುಂಬಳಕಾಯಿಗಳೇ ಕುಂಬಳಕಾಯಿಗಳು. ಅಂಥದ್ದೇ ಒಂದನ್ನು ತಂದು ಇವರು ಕಾರಿನ ಮುಂದೆ ಒಡೆದು, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಮೀಟಿಂಗ್ ಇದೆಯೆಂದು ಮೇಲಿನ ಕೋಣೆಗೆ ಹೋದರು. ನಾನು ಆಫೀಸಿಗೆ ಹೋದೆ. ಸಂಜೆ ಬಂದವಳೇ ಬುಟ್ಟಿಯಿಂದ ಹಗ್ಗ ತೆಗೆದೆ. ಹತ್ತುವ ಮುಂಚೆ ಇಡೀ ಹಗ್ಗವನ್ನು ಅಂಗೈಯಲ್ಲಿ ಹಾಯಿಸಿ ನೋಡುವುದು ನನ್ನ ಅಭ್ಯಾಸ. ಕಣ್ಣು ಕಾಣದ್ದು ಕೈಗೆ ಗೊತ್ತಾಗುತ್ತದೆ. ಮಾರನೆಯ ದಿನವೇ ಪರೀಕ್ಷೆ, ಆದ್ದರಿಂದ ನಿಧಾನವಾಗಿ ಹಾಯಿಸಿದೆ. ಅರ್ಧ ದಾಟಿದ ಮೇಲೆ ಬೆರಳು ನಿಂತುಬಿಟ್ಟಿತು. ಅಲ್ಲಿ ಹಗ್ಗ ಮೆತ್ತಗಿರಲಿಲ್ಲ. ಒಣಗಿದ ಗಾಯದ ಹಕ್ಕಳೆಯ ಹಾಗೆ ಗಟ್ಟಿಯಾಗಿ, ನುಣುಪಾಗಿ, ಹೊಳೆಯುತ್ತಿತ್ತು. ನೈಲಾನ್ ಕರಗಿ ಕೂತಿತ್ತು. ಪಕ್ಕದಲ್ಲಿ ಕೆಂಪಗೆ ಕುಂಕುಮ. ಮೂಗಿನ ಹತ್ತಿರ ತಂದರೆ ಕರ್ಪೂರದ ವಾಸನೆ.

ನನ್ನ ಮೈ ಉರಿದುಹೋಯಿತು. ಸುಟ್ಟ ಹಗ್ಗದ ಮೇಲೆ ಯಾರೂ ಜೀವ ನೇತುಹಾಕುವುದಿಲ್ಲ. ಈ ಮನೆಯಲ್ಲಿ ಕರ್ಪೂರ ಇರುವುದು ಯಾರ ಹತ್ತಿರ? ನಾಳೆ ಪರೀಕ್ಷೆಯೆಂದು ಯಾರಿಗೆ ಗೊತ್ತಿರಲಿಲ್ಲ? ನನ್ನ ಒಲೆಯನ್ನು ಮಾತಿಲ್ಲದೆ ಹೊರಗೆ ಹಾಕಿಸಿದವರು ಹಗ್ಗವನ್ನೂ ಮಾತಿಲ್ಲದೆ ಮುಗಿಸಿದರು ಎಂದುಕೊಂಡೆ. ಹಗ್ಗ ಹಿಡಿದು ನೇರ ಅತ್ತೆಯ ಕೋಣೆಗೆ ನುಗ್ಗಿದೆ.

"ಅತ್ತೆ, ಇದನ್ನ ಬೇಕಂತ ಸುಟ್ರಾ?"

ಮಂಚದ ಮೇಲೆ ಕೂತಿದ್ದ ಅವರು ಹಗ್ಗ ನೋಡಿದರು, ಆಮೇಲೆ ನನ್ನ ಹಿಂದಿನ ಬಾಗಿಲು ನೋಡಿದರು. "ಬಾಗ್ಲು ಹಾಕು" ಎಂದರು. ಹಾಕಿದೆ.

"ಬೇಕಂತ ಸುಡೋಳಾಗಿದ್ರೆ ಕುಂಕುಮ ಯಾಕೇ ಇಡ್ಲಿ?"

ಹಗ್ಗದ ಮೇಲಿನ ಕೆಂಪನ್ನು ಮತ್ತೊಮ್ಮೆ ನೋಡಿದೆ.

"ಮನೇಲಿರೋ ಚಾಕು, ಕತ್ತರಿ, ಸ್ಕ್ರೂಡ್ರೈವರು, ಅವ್ನ ಕಂಪ್ಯೂಟರು, ಎಲ್ಲಕ್ಕೂ ಪೂಜೆ ಆಯ್ತು" ಎಂದರು ಅತ್ತೆ. "ನಿಂದು ಅಂತ ಇದ್ದದ್ದು ಇದೊಂದೇ. ನೀನು ಅಲ್ಲಿ ಹೋಗಿ ಏನು ಮಾಡ್ತೀಯೋ ಅದು ನಂಗೆ ಬೇಡ, ಅದನ್ನ ನನ್ ಹತ್ರ ಹೇಳ್ಲೂಬೇಡ. ಆದ್ರೆ ನೀನು ಬೀಳ್ಬಾರ್ದು. ಅಷ್ಟಕ್ಕೇ ಮಂಗಳಾರತಿ ಎತ್ತಿದ್ದು. ಆ ಪ್ಲಾಸ್ಟಿಕ್ ದೀಪದಲ್ಲಿ ಏನು ಎತ್ತೋದು, ಹೇಳು? ಮೈಸೂರಿಂದ ತಂದ ಕರ್ಪೂರ ಪೆಟ್ಟಿಗೇಲಿತ್ತು. ಹಚ್ಚಿದೆ. ಕೈ ತಪ್ತು."

ಬಲಗೈ ಚಾಚಿ ತೋರಿಸಿದರು. ಬೆರಳುಗಳು ತಮ್ಮಷ್ಟಕ್ಕೆ ನಡುಗುತ್ತಿದ್ದವು. ಅವರು ಯಾವಾಗಲೂ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿರುತ್ತಿದ್ದರೆಂದು ನನಗೆ ಆಗಲೇ ಹೊಳೆದದ್ದು.

"ಅವನಿಗೆ ಹೇಳ್ಬೇಡ ಕಣೇ. ಪೆಟ್ಟಿಗೇಲಿರೋ ಒಂದು ಬೆಂಕಿಪೊಟ್ಣಾನೂ ಕಿತ್ಕೊಂಡ್ಬಿಡ್ತಾನೆ. ಒಳ್ಳೇ ಮಾತಲ್ಲೇ ಕಿತ್ಕೋತಾನೆ."

ಆ ಕೊನೆಯ ಮಾತು ನನ್ನನ್ನು ಅಲ್ಲಾಡಿಸಿತು. ಒಳ್ಳೆಯ ಮಾತಿನಲ್ಲೇ ಕಿತ್ತುಕೊಳ್ಳುವುದು ಎಂದರೆ ಏನೆಂದು ಈ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಳು ಬಂತು. ಕೋಪವೂ ಪೂರ್ತಿ ಇಳಿದಿರಲಿಲ್ಲ. ಇದರಿಂದ ಅತ್ತೆ ನನ್ನ ಬಾಡಿನ ಸಾರನ್ನು ಒಪ್ಪಿಕೊಂಡರೆಂದು ಯಾರೂ ತಿಳಿಯಬೇಡಿ, ಒಲೆ ಇವತ್ತಿಗೂ ಗ್ಯಾರೇಜಿನಲ್ಲೇ ಇದೆ. ಆದರೆ ಆ ಸಂಜೆ ಲೆಕ್ಕ ಸರಳವಾಗಿತ್ತು. ನಿಜ ಹೇಳಿದರೆ ಅತ್ತೆಯ ಬೆಂಕಿಪೊಟ್ಟಣ ಹೋಗುತ್ತದೆ. ಹೇಳದಿದ್ದರೆ ನನ್ನ ಜೋಲಿ ಹೋಗುತ್ತದೆ.

ಎರಡನ್ನೂ ಬಿಟ್ಟುಕೊಡಬಾರದು ಎಂದುಕೊಂಡೆ. ಕರಗಿದ ಜಾಗವನ್ನು ಕತ್ತರಿಸಿ ತೆಗೆದೆ. ಉಳಿದ ಎರಡು ತುಂಡುಗಳಲ್ಲಿ ಉದ್ದದ್ದು ಕವಲಿನಿಂದ ನೆಲಕ್ಕೆ ಒಂದು ಸಲ ಇಳಿದು ಸ್ವಲ್ಪ ಮಿಕ್ಕುವಷ್ಟಿತ್ತು. ಎರಡು ಸಲ ಹಾಯಿಸಲು ಸಾಲದು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಮರದ ಕೆಳಗೆ ನಿಂತು ನೋಡುತ್ತಿದ್ದಾಗ ದಾರಿ ಕಂಡಿತು. ಬುಡಕ್ಕೆ ಯಾಕೆ ಕಟ್ಟಬೇಕು? ಹಗ್ಗದ ತುದಿಯಲ್ಲಿ ಬಿಚ್ಚಿಕೊಳ್ಳದ ಒಂದು ಕಣ್ಣು ಕಟ್ಟಿ, ಅದರೊಳಗೆ ಹಗ್ಗವನ್ನೇ ತೂರಿಸಿ ಕೆಳಗಿನಿಂದ ಎಳೆದರೆ, ಆ ಜೀರುಕುಣಿಕೆ ಮೇಲೇರಿ ಕವಲನ್ನೇ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಭಾರ ಬಿದ್ದಷ್ಟೂ ಬಿಗಿ. ಕಣ್ಣಿಗೆ ತೆಳು ದಾರವೊಂದನ್ನು ಕಟ್ಟಿಟ್ಟರೆ ಆಮೇಲೆ ಅದನ್ನು ಜಗ್ಗಿ ಕುಣಿಕೆಯನ್ನು ಕೆಳಗಿಳಿಸಿಕೊಳ್ಳಬಹುದು. ಅರ್ಧ ಹಗ್ಗ ಸಾಕು. ಇವರು ಸಾಮಾನು ತರಲು ಹೋದಾಗ ಕುಣಿಕೆ ಏರಿಸಿ, ನೆಲದಿಂದ ಸ್ವಲ್ಪವೇ ಮೇಲೆ ತೂಗಿ, ಕುಣಿದು, ಜಗ್ಗಿ ಪರೀಕ್ಷಿಸಿದೆ. ಹಿಡಿಯಿತು. ಮತ್ತೆ ಕೆಳಗಿಳಿಸಿಟ್ಟೆ. ಹಿಂದಿನ ಮನೆಯ ಆಂಟಿಗೂ ಹೋಗಿ ಹೇಳಿದೆ, ಸಂಜೆ ಸ್ವಲ್ಪ ಹೊತ್ತು ಹಗ್ಗ ಕಾಣುತ್ತದೆ, ಅದರಲ್ಲಿ ನಾನೂ ಇರುತ್ತೇನೆ, ಇಳಿದ ತಕ್ಷಣ ತೆಗೆಯುತ್ತೇನೆ ಎಂದು.

ಸಂಜೆ ಹಬ್ಬದ ಒಬ್ಬಟ್ಟು ತಿಂದು ಇವರು ಹಿತ್ತಲಿಗೆ ಬಂದರು. ಬಂದವರೇ ಹಗ್ಗ ಎತ್ತಿ ನೋಡಿದರು. ಇಂಥದ್ದರಲ್ಲಿ ಇವರ ಕಣ್ಣು ತಪ್ಪಿಸಲು ಆಗುವುದಿಲ್ಲ.

"ಇದ್ಯಾಕೆ ಗಿಡ್ಡ ಆಗಿದೆ?"

"ತುದಿ ಬಿಚ್ಕೋತಿತ್ತು ಅಂತ ಲೈಟರಲ್ಲಿ ಕರಗಿಸೋಕೆ ಹೋದೆ. ಮಧ್ಯದಲ್ಲಿ ತಾಗ್ಬಿಡ್ತು. ಕಟ್ ಮಾಡಿ ತೆಗೆದೆ."

ನನ್ನ ಸುಳ್ಳು ಗಟ್ಟಿಯಾಗಿಯೇ ಬಂತು. ಇವರು ಹಗ್ಗವನ್ನು ಕೆಳಗಿಟ್ಟರು. ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ. ಇದ್ದದ್ದು ನಿಜವಾದ ಭಯ. ಅದು ಇನ್ನೂ ಕಷ್ಟ.

"ನೋಡು, ನೀನು ಹತ್ತಕ್ಕಾಗುತ್ತೆ ಅಂತ ನಂಗೊತ್ತು. ದಿನಾ ಕಿಟಕೀಲಿ ನೋಡ್ತೀನಿ. ಆದ್ರೆ ಹಗ್ಗಾನೇ ಸುಟ್ಕೊಂಡ್ರೆ ಹೇಗೆ? ಕಾಡಲ್ಲಿ ಹೀಗಾದ್ರೆ? ಏನೂ ತಪ್ಪಾಗ್ಬಾರ್ದು ಅಂತ ತಾನೇ ಮಾತಾಗಿದ್ದು? ಸಾಕು ಕಣೇ. ಪ್ಲೀಸ್. ಮಾರಿಬಿಡೋಣ."

"ತಪ್ಪನ್ನ ಕಂಡುಹಿಡಿದೋಳೂ ನಾನೇ, ಸರಿಮಾಡಿದೋಳೂ ನಾನೇ ಅಲ್ವೇನ್ರೀ? ಹತ್ತೋಕ್ಕೆ ಮುಂಚೆ!"

"ಸರಿ, ಈ ಸಲ ಕಂಡುಹಿಡಿದೆ..."

ಅಷ್ಟರಲ್ಲಿ ಡೆಕ್ಕಿನ ಗಾಜಿನ ಬಾಗಿಲು ಸರಿಯಿತು. ಅತ್ತೆ ಹೊರಗೆ ಬಂದರು, ಹಬ್ಬದ ರೇಷ್ಮೆ ಸೀರೆಯಲ್ಲಿ. ಬಲಗೈ ಸೆರಗಿನೊಳಗೆ ಇರಲಿಲ್ಲ. ಅದರಲ್ಲಿ ಬೆಂಕಿಪೊಟ್ಟಣವಿತ್ತು, ಕಡ್ಡಿಗಳು ಒಳಗೆ ಗಲಗಲ ಸದ್ದು ಮಾಡುತ್ತಿದ್ದವು.

"ಅವಳು ಸುಳ್ಳು ಹೇಳ್ತಿದ್ದಾಳೆ ಕಣೋ. ಹಗ್ಗ ಸುಟ್ಟೋಳು ನಾನು. ಕರ್ಪೂರ ಕೈ ತಪ್ತು."

"ಅಮ್ಮ, ಕರ್ಪೂರ ಎಲ್ಲಿಂದ..."

"ನನ್ ಪೆಟ್ಟಿಗೆಯಿಂದ. ಇನ್ನೂ ಇದೆ. ದೀಪಾನೂ ಡಬ್ಬದಿಂದ ತೆಗೆದು ಬೆಳಗಿಟ್ಟಿದ್ದೀನಿ, ಎಣ್ಣೆ ಹಾಕಿದ್ದೀನಿ. ಕೈ ನಡುಗುತ್ತೆ ಅಂತ ಗೊತ್ತು ನಂಗೆ, ನೀನೇನೂ ಹೇಳ್ಬೇಕಾಗಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದೀನಿ, ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟಿದ್ದೀನಿ. ಅವಳು ಹಗ್ಗ ನೋಡ್ಕೊಂಡ ಹಾಗೇನೇ. ಬಿದ್ದೋಗ್ತೀವಿ, ಸುಟ್ಟೋಗ್ತೀವಿ ಅಂತ ನೀನು ಎಷ್ಟು ದಿನ ನಮ್ಮನ್ನ ಡಬ್ಬದಲ್ಲಿ ಹಾಕಿಡ್ತೀಯೋ?"

ಅತ್ತೆ ನನ್ನ ಕಡೆ ತಿರುಗಿದರು.

"ಹತ್ತೇ ನೀನು. ಕತ್ತಲಾಗ್ತಿದೆ, ನಂಗೂ ದೀಪ ಹಚ್ಚೋ ಹೊತ್ತಾಯ್ತು."

ಹತ್ತಿದೆ. ಇವರ ಒಪ್ಪಿಗೆಗೆ ಕಾಯಲಿಲ್ಲ. ಸಾಕ್ಸು ತೂಗಿ ಎಸೆದೆ, ಕುಣಿಕೆ ಏರಿಸಿದೆ, ಪೂರ್ತಿ ಭಾರ ಹಾಕಿ ಜಗ್ಗಿದೆ. ಜೋಲಿಯನ್ನು ಸಿಕ್ಕಿಸಿ ಕೂತೆ. ಕಾಲೂರಿ ಎದ್ದೆ. ಕೂತೆ, ಎದ್ದೆ. ತೊಡೆ ಉರಿಯತೊಡಗಿತು, ಭುಜ ತನ್ನ ಪಾಡಿಗೆ ಸುಮ್ಮನಿತ್ತು. ಗಂಟು ಪ್ರತಿ ಸಲ ಕಚ್ಚಿ ಹಿಡಿಯುವುದು ಸೊಂಟಕ್ಕೆ ಗೊತ್ತಾಗುತ್ತಿತ್ತು. ಕವಲಿನ ಹತ್ತಿರ ಹೋಗಿ, ಕಾಂಡಕ್ಕೆ ಇನ್ನೊಂದು ಹಗ್ಗ ಸುತ್ತಿ, ಹಿಂದಕ್ಕೆ ಒರಗಿದೆ. ನನ್ನ ಬೀದಿಯ ಎಲ್ಲ ಸೂರುಗಳೂ ನನಗಿಂತ ಕೆಳಗಿದ್ದವು. ಉಸಿರು ಜೋರಾಗಿ ಬರುತ್ತಿತ್ತು. ಗೆದ್ದೆ ಎಂದು ಕೂಗಬೇಕೆನಿಸಿತು, ಕೂಗಲಿಲ್ಲ.

ಅಲ್ಲಿಂದ ದೇವರ ಕೋಣೆಯ ಕಿಟಕಿ ನೇರ ಕಾಣುತ್ತಿತ್ತು. ಅತ್ತೆ ಕಡ್ಡಿ ಗೀರಿದರು, ಅದು ಮುರಿಯಿತು. ಇನ್ನೊಂದು ಗೀರಿದರು, ಬತ್ತಿಯವರೆಗೆ ಬರುವಷ್ಟರಲ್ಲಿ ಆರಿತು. ಮತ್ತೊಂದನ್ನು ತೆಗೆದು, ಈ ಸಲ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬತ್ತಿ ಹತ್ತಿತು. ಅವರು ಮುಖ ತಿರುಗಿಸದೆ ಅದನ್ನೇ ನೋಡುತ್ತಾ ಕೈಮುಗಿದರು.

ಕೆಳಗೆ ಹುಲ್ಲಿನ ಮೇಲೆ ಇವರು ಒಬ್ಬರೇ ನಿಂತಿದ್ದರು. ಒಮ್ಮೆ ತಲೆಯೆತ್ತಿ ಮರ ನೋಡುತ್ತಿದ್ದರು, ಒಮ್ಮೆ ತಿರುಗಿ ಕಿಟಕಿ ನೋಡುತ್ತಿದ್ದರು. ಆಮೇಲೆ ಗಟ್ಟಿಯಾಗಿ "ಜೋಪಾನ!" ಎಂದು ಕೂಗಿದರು. ನಮ್ಮಿಬ್ಬರಲ್ಲಿ ಯಾರಿಗೆ ಹೇಳಿದರೋ ಗೊತ್ತಿಲ್ಲ. ನಾನು ಜೋಲಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿದೆ, ಅತ್ತೆ ದೀಪಕ್ಕೆ ಇನ್ನೊಂದಿಷ್ಟು ಎಣ್ಣೆ ಹಾಕಿದರು.